ಕಾಡಂಚಿನಲ್ಲಿ ಮನೆ ಕಟ್ಟುವಾಗ ಕಾಡ್ಗಿಚ್ಚಿಗೆ ಏನು ಮಾಡಬೇಕು?

ಬೆಳಗಾವಿ ಜಿಲ್ಲೆಯ ಜಾಂಬೋಟಿ ಹತ್ತಿರ ಕಾಡಿಗೆ ಹೊಂದಿಕೊಂಡ ಜಾಗದಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ಕಾಡ್ಗಿಚ್ಚಿನ ಬಗ್ಗೆ ಪಂಚಾಯತಿ ನಿಯಮ ಇದೆಯೇ, ಇಲ್ಲದಿದ್ದರೆ ನಾವೇ ಏನು ಮಾಡಬೇಕು ಎಂದು ಕೇಳಿದ್ದೀರಿ. ಖಾನಾಪುರ ತಾಲ್ಲೂಕಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲೇ ಇರುವವನು ನಾನು.

ಪಂಚಾಯತಿ ಪರವಾನಗಿ ಕೊಡುವುದು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಡಿ. ಉತಾರ (ಜಾಗದ ದಾಖಲೆ), ಎನ್‌ಎ ಆದೇಶ (ಕೃಷಿಯೇತರ ಬಳಕೆಗೆ ಅನುಮತಿ), ನಕ್ಷೆ, ಸುತ್ತ ಬಿಟ್ಟ ಜಾಗ ನೋಡುತ್ತಾರೆ. ಕಾಡು ಎಷ್ಟು ದೂರ, ಛಾವಣಿ ಯಾವುದರದು ಎಂದು ಬೆಂಕಿಯ ಲೆಕ್ಕದಲ್ಲಿ ಕೇಳಿದ ಅರ್ಜಿಯನ್ನು ನಾನು ಈವರೆಗೆ ಕಂಡಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬೆಂಕಿ ಸುರಕ್ಷತೆಗೆ ಒಂದು ಇಡೀ ಭಾಗವೇ ಇದೆ, ಆದರೆ ಅದರ ಗಮನವೆಲ್ಲ ಕಟ್ಟಡದೊಳಗೆ ಹೊತ್ತುವ ಬೆಂಕಿಯ ಮೇಲೆ.

ಈ ಕೊರತೆ ನನ್ನನ್ನು ಕಾಡುತ್ತದೆ, ಏಕೆಂದರೆ ನಿಯಮದಿಂದ ಮನೆಗಳು ಉಳಿದದ್ದುಂಟು. ಕ್ಯಾಲಿಫೋರ್ನಿಯಾದಲ್ಲಿ 2008ರಿಂದ ಅಪಾಯದ ವಲಯದ ಹೊಸ ಮನೆಗಳಿಗೆ ಛಾವಣಿ, ಗೋಡೆ, ಗಾಳಿಕಿಂಡಿಗಳ ಕಟ್ಟುನಿಟ್ಟಿನ ನಿಯಮ ಬಂತು. 2018ರಲ್ಲಿ ಅಲ್ಲಿಯ ಪ್ಯಾರಡೈಸ್ ಎಂಬ ಊರು ಕಾಡ್ಗಿಚ್ಚಿಗೆ ಸುಟ್ಟು 85 ಜನ ಸತ್ತಾಗ, ಆ ನಿಯಮದ ನಂತರ ಕಟ್ಟಿದ ಮನೆಗಳು ಹಳೆಯವಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಉಳಿದುಕೊಂಡವು. ಆಸ್ಟ್ರೇಲಿಯಾದವರು ಜಾಗದ ಅಪಾಯ ಅಳೆದು ಆರು ದರ್ಜೆ ಮಾಡಿದ್ದಾರೆ. ದರ್ಜೆಗೆ ತಕ್ಕಂತೆ ಮನೆ ಕಟ್ಟಬೇಕು.

ಆ ನಿಯಮಗಳ ಹಿಂದಿರುವ ತಿಳಿವಳಿಕೆ ನಮಗೂ ಸಲ್ಲುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ತೋರಿಸಿಕೊಟ್ಟ ಪ್ರಕಾರ, ದೊಡ್ಡ ಜ್ವಾಲೆಯೂ 30 ಮೀಟರ್ ಆಚೆಯಿಂದ ಮರದ ಗೋಡೆಯನ್ನು ಹೊತ್ತಿಸುವುದು ಕಷ್ಟ. ಮನೆ ಸುಡುವುದು ಬಹುಪಾಲು ಹಾರಿಬರುವ ಕಿಡಿಯಿಂದ, ಮತ್ತು ಗೋಡೆಗೆ ಒತ್ತಿಕೊಂಡು ಉರಿಯುವ ಸಣ್ಣ ಬೆಂಕಿಯಿಂದ. ನಮ್ಮ ಕಡೆ ಫೆಬ್ರವರಿಯಿಂದ ಮೇವರೆಗೆ ಬರುವುದು ಹೆಚ್ಚಾಗಿ ನೆಲದ ತರಗೆಲೆ ಉರಿಸುತ್ತ ಸಾಗುವ ಬೆಂಕಿ. ಹಾಗಾಗಿ ಲಕ್ಷಗಟ್ಟಲೆ ಖರ್ಚಿನ ಅಗತ್ಯವಿಲ್ಲ.

ಇಲ್ಲಿಯ ಹಂಚಿನ ಮನೆಯನ್ನೇ ನೋಡಿ. ಹಂಚು ಸುಡುವುದಿಲ್ಲ ಎಂದು ಎಲ್ಲರೂ ನಿಶ್ಚಿಂತೆ. ಏಣಿ ಹಾಕಿ ಸೂರಿನ ಮಟ್ಟಕ್ಕೆ ಕಣ್ಣಿಟ್ಟರೆ ಬೇರೆಯದೇ ಕಾಣುತ್ತದೆ: ಹಂಚಿನ ಕೊನೆ ಸಾಲಿನ ಕೆಳಗೆ ಅಂಗೈ ತೂರುವಷ್ಟು ಸಂದು, ಅದರಲ್ಲಿ ಗುಬ್ಬಿ ಗೂಡಿನ ಕಸ, ಒಣ ಎಲೆ, ಒಳಗೆ ಕಟ್ಟಿಗೆಯ ರೀಪು, ಅದರ ಕೆಳಗೆ ಹುಲ್ಲು ತುಂಬಿದ ಅಟ್ಟ. ಒಂದು ಕಿಡಿಗೆ ಇನ್ನೇನು ಬೇಕು? ಆ ಸಂದನ್ನು ಗಾರೆಯಿಂದ ಮುಚ್ಚಿಸಿ. ಗಾಳಿಗಾಗಿ ಬಿಡುವ ಕಡೆ 3 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸಿ. ಪ್ಲಾಸ್ಟಿಕ್ ಸೊಳ್ಳೆ ಪರದೆ ಕರಗಿ ಹೋಗುತ್ತದೆ.

ಗೋಡೆಯಿಂದ ಐದು ಅಡಿ ಸುತ್ತಲೂ ಫರಸಿಯೋ ಜಲ್ಲಿಯೋ ಇರಲಿ, ಬೇರೇನೂ ಬೇಡ. ಕಟ್ಟಿಗೆ, ಕುಳ್ಳು, ಬಣವೆ ಇವೆಲ್ಲ ಮಳೆಗೆ ನೆನೆಯದಿರಲಿ ಎಂದು ಹಿತ್ತಲ ಗೋಡೆಗೇ ಒಟ್ಟುವುದು ನಮ್ಮ ರೂಢಿ. ಅಲ್ಲೇ ನನಗೆ ಅತಿ ಹೆಚ್ಚು ಭಯ. ಅವನ್ನು 30 ಮೀಟರ್ ದೂರ ಇಡಿ, ಜಾಗ ಸಾಲದಿದ್ದರೆ ಆದಷ್ಟು ದೂರ. ಹೊರಗಿನ ನಲ್ಲಿಗೆ ಪಿವಿಸಿ ಬದಲು ಜಿಐ (ಸತು ಲೇಪಿತ ಕಬ್ಬಿಣದ) ಪೈಪು, ಮತ್ತು ಕರೆಂಟ್ ಇಲ್ಲದೆಯೂ ನೀರು ಇಳಿಯುವಂತೆ ಎತ್ತರದಲ್ಲಿ ಟಾಕಿ.

ಬೇಲಿಯಾಚೆಯ ಅರಣ್ಯ ಭೂಮಿಯಲ್ಲಿ ನೀವಾಗಿ ಕಡಿಯುವುದು, ತರಗೆಲೆಗೆ ಬೆಂಕಿ ಹಚ್ಚಿ ‘ಸ್ವಚ್ಛ’ ಮಾಡುವುದು ಬೇಡವೇ ಬೇಡ, ಅದು ಅಪರಾಧ. ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ತೆರವು ಮಾಡಿದ ಪಟ್ಟಿ, ಮಾಡುವುದು ಅರಣ್ಯ ಇಲಾಖೆಯ ಕೆಲಸ. ಬೇಸಿಗೆಗೆ ಮುಂಚೆ ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ಕೇಳಿ. ಜಾಗ ಭೀಮಗಡ ಅಭಯಾರಣ್ಯದ ಪರಿಸರ ಸೂಕ್ಷ್ಮ ವಲಯದಲ್ಲಿ (ಅಭಯಾರಣ್ಯದ ಸುತ್ತ ಚಟುವಟಿಕೆಗಳಿಗೆ ನಿರ್ಬಂಧವಿರುವ ಪಟ್ಟಿ) ಬರುತ್ತದೆಯೇ ಎಂಬುದನ್ನೂ ಅಲ್ಲೇ ವಿಚಾರಿಸಿ. ಹಾಗೆಯೇ ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಡಿ: ಕಾಡಂಚಿನ ಮನೆಗಳ ಪರವಾನಗಿಗೆ ಸೂರಿನ ಜಾಲರಿ ಮತ್ತು ಐದು ಅಡಿ ಖಾಲಿ ಜಾಗದ ಷರತ್ತು ಸೇರಿಸುವಂತೆ ಠರಾವು ಮಾಡಿ ಮೇಲಕ್ಕೆ ಕಳಿಸಲಿ ಎಂದು. ಅಕ್ಕಪಕ್ಕದವರ ಸಹಿಯನ್ನೂ ಹಾಕಿಸಿ, ಪಕ್ಕದ ಮನೆ ಹೊತ್ತಿದರೆ ಕಿಡಿ ಬರುವುದು ನಿಮ್ಮ ಸೂರಿಗೇ.