ಸ್ಟೀಮ್ ಜೊತೆ ಡೀಸೆಲ್: ಮೊದಲು ವೇಗ ಹೊಂದಿಸಿ

ಎಚ್‌ಒ (1:87 ಅಳತೆಯ) ಮಾಡೆಲ್ ರೈಲು ಲೇಔಟ್‌ನಲ್ಲಿ ಸ್ಟೀಮ್ ಇಂಜಿನ್ ಹಿಂದೆ ಡೀಸೆಲ್ ಕಟ್ಟಿದರೆ ವಿಚಿತ್ರವಾಗಿ ಕಾಣುತ್ತಾ, ಡಿಸಿಸಿ (ಒಂದೊಂದು ಇಂಜಿನ್‌ಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಇದ್ದರೂ ಎರಡೂ ಯಾಕೆ ಜಗ್ಗಾಡುತ್ತವೆ ಅಂತ ಕೇಳಿದ್ದೀರಿ. ವಿಚಿತ್ರ ಏನೂ ಇಲ್ಲ. ಅಮೆರಿಕದಲ್ಲಿ 2019ರಲ್ಲಿ ಮತ್ತೆ ಹಳಿಗೆ ಬಂದ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಸ್ಟೀಮ್ ಇಂಜಿನ್ ಬಿಗ್ ಬಾಯ್ 4014ರ ಹಿಂದೆಯೂ ಎಷ್ಟೋ ಸಲ ಒಂದು ಡೀಸೆಲ್ ಇರುತ್ತದೆ, ಇಳಿಜಾರಿನಲ್ಲಿ ಅದರ ಡೈನಮಿಕ್ ಬ್ರೇಕ್ (ಮೋಟಾರ್‌ಗಳನ್ನೇ ಜನರೇಟರ್ ಮಾಡಿ ವೇಗ ತಗ್ಗಿಸುವುದು) ಕೆಲಸಕ್ಕೆ ಬರುತ್ತದೆ.

ತಲೆನೋವು ಇರೋದು ವೇಗದಲ್ಲಿ. ಮಾಡೆಲ್‌ಗಳಲ್ಲಿ ವರ್ಮ್ ಗೇರ್ (ಮೋಟಾರ್ ಕಡೆಯಿಂದ ಮಾತ್ರ ತಿರುಗುವ ಸ್ಕ್ರೂ ಆಕಾರದ ಗೇರ್) ಇರುವುದರಿಂದ ನಿಧಾನದ ಇಂಜಿನ್‌ನ ಚಕ್ರ ಸುಮ್ನೆ ತಿರುಗುವುದಿಲ್ಲ, ವೇಗದ್ದು ಅದನ್ನು ಎಳೆದುಕೊಂಡೇ ಹೋಗಬೇಕು. ಎರಡನ್ನೂ ಬಿಡಿಸಿ, ಒಂದೇ ಲೂಪ್‌ನಲ್ಲಿ ಸ್ವಲ್ಪ ದೂರ ಬಿಟ್ಟು, ಕಂಟ್ರೋಲರ್‌ನ ಒಂದೇ ಸ್ಪೀಡ್ ಸ್ಟೆಪ್‌ನಲ್ಲಿ (ವೇಗದ ಹಂತದಲ್ಲಿ) ಓಡಿಸಿ ಯಾವುದು ಯಾವುದನ್ನು ಹಿಡಿಯುತ್ತದೆ ನೋಡಿ. ಜಾಸ್ತಿ ಓಡುವುದನ್ನೇ ಕಡಿಮೆ ಮಾಡಿ, ನಿಧಾನದ್ದನ್ನು ಮೇಲೆತ್ತಲು ಹೋಗಬೇಡಿ. ಇದನ್ನು ಮಾಡುವುದು ಸಿವಿಗಳಲ್ಲಿ, ಅಂದರೆ ಇಂಜಿನ್ ಒಳಗಿನ ಡಿಕೋಡರ್ ಚಿಪ್‌ನ ಸೆಟ್ಟಿಂಗ್‌ಗಳಲ್ಲಿ: ಸಿವಿ 2 ಶುರುವಿನ ವೇಗಕ್ಕೆ, 6 ಮಧ್ಯದ್ದಕ್ಕೆ, 5 ಗರಿಷ್ಠಕ್ಕೆ. ನಿಧಾನವಾಗಿ ವೇಗ ಏರಿಸುವ, ಇಳಿಸುವ ಸಿವಿ 3, 4 ಎರಡರಲ್ಲೂ ಸೊನ್ನೆ ಇಟ್ಟುಕೊಂಡು ಹೊಂದಿಸಿ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ. ಆಮೇಲೆ ಸಿವಿ 19ರಲ್ಲಿ ಎರಡಕ್ಕೂ ಒಂದೇ ಕನ್ಸಿಸ್ಟ್ (ಒಟ್ಟಿಗೆ ಓಡುವ ಇಂಜಿನ್‌ಗಳ ಜೋಡಿ) ವಿಳಾಸ ಕೊಡಿ, ಡೀಸೆಲ್ ತಿರುಗಿ ನಿಂತಿದ್ದರೆ ಅದರಲ್ಲಿ ಮಾತ್ರ 128 ಕೂಡಿಸಿ. ಇಷ್ಟಾದರೂ ಜಗ್ಗಿದರೆ ಬ್ಯಾಕ್ ಇಎಂಎಫ್ (ಮೋಟಾರ್ ವೇಗ ಅಳೆದು ಡಿಕೋಡರ್ ತಾನೇ ಸರಿಪಡಿಸುವುದು) ಕಡಿಮೆ ಮಾಡಿ ನೋಡಿ, ಎರಡು ಡಿಕೋಡರ್‌ಗಳು ಒಂದಕ್ಕೊಂದು ಜಗಳ ಆಡುವುದು ಹೆಚ್ಚಾಗಿ ಅಲ್ಲೇ.