ಡಿಎನ್‌ಎ ತುಂಬುವ ಮೋಟಾರಿಗೆ ಯಾವ ಮಾದರಿ ಸರಿ: ತಿರುಗುವ ನಟ್ಟಿನದೋ, ಸನ್ನೆಕೋಲಿನದೋ?

ನಿಮ್ಮ ಬಳಿ ಬ್ಯಾಕ್ಟೀರಿಯಾಗಳಿಗೆ ತಗಲುವ ಫೈ29 ವೈರಸ್ಸಿನ ಮೋಟಾರಿನ, ಅಂದರೆ ಡಿಎನ್‌ಎಯನ್ನು ವೈರಸ್ಸಿನ ಕವಚದೊಳಗೆ ಎಳೆಯುವ ಅಣುಯಂತ್ರದ, ಸರಾಸರಿ ವೇಗದ ನಕ್ಷೆಯಿದೆ. ಅದಕ್ಕೆ ಯಾವ ಮಾದರಿ ಹೊಂದುತ್ತದೆ ಎಂದು ಕೇಳಿದ್ದೀರಿ: ಕವಚದ ಬಾಗಿಲಿನ ಉಂಗುರ ನಟ್ಟಿನಂತೆ ಸತತ ತಿರುಗಿ ಡಿಎನ್‌ಎಯನ್ನು ಎಳೆಯುವುದೋ, ಮೋಟಾರಿನ ಭಾಗಗಳು ಸನ್ನೆಕೋಲಿನಂತೆ ಒಂದೊಂದೇ ಹೆಜ್ಜೆ ತಳ್ಳುವುದೋ? ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನನ್ನ ಕೈಯಲ್ಲಿದ್ದುದೂ ಅಂಥದೇ ನಕ್ಷೆ, ಮತ್ತು ನಾನು ತಿರುಗುವ ನಟ್ಟನ್ನೇ ಆರಿಸಿಕೊಂಡೆ.

ಆ ಮೋಟಾರಿನ ಬಲ ನನ್ನನ್ನು ಮರುಳು ಮಾಡಿತ್ತು. ಬಿಡಿಸಿದರೆ ಸುಮಾರು 6.6 ಮೈಕ್ರೋಮೀಟರ್ ಉದ್ದವಾಗುವ ಡಿಎನ್‌ಎಯನ್ನು ಅದು 54 ನ್ಯಾನೊಮೀಟರ್ ಎತ್ತರದ ಕವಚದೊಳಗೆ ತುಂಬುತ್ತದೆ. ಬರ್ಕ್ಲಿಯ ಕಾರ್ಲೋಸ್ ಬುಸ್ಟಮಾಂಟೆ ಅವರ ತಂಡ 2001ರಲ್ಲಿ ಕವಚವನ್ನು ಒಂದು ಮಣಿಗೂ ಡಿಎನ್‌ಎಯ ಹೊರತುದಿಯನ್ನು ಇನ್ನೊಂದಕ್ಕೂ ಅಂಟಿಸಿ, ಆಪ್ಟಿಕಲ್ ಟ್ವೀಜರ್ಸ್‌ನಿಂದ (ಮಣಿಯನ್ನು ಹಿಡಿಯುವ ಲೇಸರ್ ಬೆಳಕಿನ ಚಿಮುಟದಿಂದ) ಎದುರು ಎಳೆದಾಗ, ಮೋಟಾರು ನಿಲ್ಲಲು ಸರಾಸರಿ 57 ಪಿಕೊನ್ಯೂಟನ್ ಬೇಕಾಯಿತು. ಸ್ನಾಯುವಿನ ಒಂದು ಮಯೋಸಿನ್ ಅಣು ಎಳೆಯುವುದು ಕೆಲವೇ ಪಿಕೊನ್ಯೂಟನ್.

ನನ್ನ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ನಕ್ಷೆಯಲ್ಲೂ ಅದು ಅಡಗಿರುವ ಸಾಧ್ಯತೆಯಿದೆ. ಗದ್ದಲ ಕಡಿಮೆ ಮಾಡಲು ನಾನು ದತ್ತಾಂಶವನ್ನು ಒಂದೊಂದು ಸೆಕೆಂಡಿನ ಸರಾಸರಿಗೆ ಇಳಿಸಿದೆ. ಮೋಟಾರು ಸೆಕೆಂಡಿಗೆ ಸುಮಾರು 100 ಬೇಸ್ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲುಗಳು) ಎಳೆಯುತ್ತದೆ. ಅದರ ಒಂದು ಆವರ್ತ, ಅಂದರೆ ಒಂದು ತಂಗು (ಬಿಡುವು) ಮತ್ತು ಒಂದು ಎಳೆತ, 10 ಬೇಸ್ ಜೋಡಿ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಹೀಗಾಗಿ ನನ್ನ ಪ್ರತಿಯೊಂದು ಬಿಂದುವಿನಲ್ಲೂ ಹತ್ತು ಆವರ್ತಗಳು ಕಲಸಿಹೋಗಿ, ಮೆಟ್ಟಿಲಿನಂತಿದ್ದ ಗೆರೆ ನುಣುಪಾದ ಇಳಿಜಾರಾಯಿತು. ಆ ನುಣುಪನ್ನೇ ನಿರಂತರ ತಿರುಗುವಿಕೆಗೆ ಪುರಾವೆ ಎಂದುಕೊಂಡು ತಿರುಚುಬಲದ ಸಮೀಕರಣಗಳನ್ನು ಬರೆದೆ. ಮೋಟಾರಿನ ಇಂಧನವಾದ ಎಟಿಪಿ ಅಣುಗಳು ಕಡಿಮೆಯಾದಾಗ ಇಳಿಜಾರು ತಗ್ಗಿದ್ದನ್ನು ನಟ್ಟು ನಿಧಾನವಾಯಿತೆಂದು ಓದಿದೆ. ವಾಸ್ತವದಲ್ಲಿ ಆಗ ಉದ್ದವಾಗುವುದು ಎಳೆತಗಳ ನಡುವಿನ ತಂಗು ಮಾತ್ರ, ಎಳೆತದ ವೇಗ ಹಾಗೆಯೇ ಇರುತ್ತದೆ. ಏಕೆಂದರೆ ಎಟಿಪಿ ಬಂದು ಕೂರುವುದು ತಂಗಿನಲ್ಲಿ. ಆಮೇಲೆ ಎಳೆತದಲ್ಲಿ ತಲಾ 2.5 ಬೇಸ್ ಜೋಡಿಯ ನಾಲ್ಕು ಹೆಜ್ಜೆಗಳು ಒಂದರ ಹಿಂದೆ ಒಂದು ಬೀಳುತ್ತವೆ. ಇದು 2009ರಲ್ಲೇ ಪ್ರಕಟವಾಗಿತ್ತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕಚ್ಚಾ ದತ್ತಾಂಶ ತೋರಿಸಿ ಎಂದರು. ಅಧ್ಯಾಯ ಪೂರ್ತಿ ಬಿದ್ದುಹೋಯಿತು, ಪದವಿಯೂ ಮುಂದಕ್ಕೆ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕವಚದ ಐದುಮುಖ ಸಮಮಿತಿಗೂ ಬಾಗಿಲಿನ ಉಂಗುರದ ಸಮಮಿತಿಗೂ ಹೊಂದಿಕೆಯಿಲ್ಲದ್ದರಿಂದ ಉಂಗುರ ತಿರುಗಬಹುದೆಂದು 1978ರಲ್ಲಿ ರೋಜರ್ ಹೆಂಡ್ರಿಕ್ಸ್ ಊಹಿಸಿದ್ದು ಸುಂದರವಾಗಿತ್ತು, ಆದರೆ ಉಂಗುರಕ್ಕೆ ಹೊಳೆಯುವ ಅಣು ಅಂಟಿಸಿ ನೋಡಿದ 2007ರ ಪ್ರಯೋಗದಲ್ಲಿ ಅಂಥ ತಿರುಗುವಿಕೆ ಕಾಣಲಿಲ್ಲ. ಹಾಗೆಂದು ತಿರುಗುವಿಕೆಯೇ ಇಲ್ಲವೆಂದೂ ಅಲ್ಲ: ಪ್ರತಿ ಎಳೆತದಲ್ಲಿ ಡಿಎನ್‌ಎಯೇ ಸುಮಾರು 14 ಡಿಗ್ರಿ ತಿರುಗುತ್ತದೆ. ಎರಡರಲ್ಲಿ ಒಂದನ್ನು ಆರಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದತ್ತಾಂಶ ಕೊಟ್ಟವರಲ್ಲಿ ಸರಾಸರಿ ಮಾಡದ ಮೂಲ ಕಡತವನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ. ತಂಗಿನ ಅವಧಿಗಳ ಹಂಚಿಕೆಯನ್ನು ಬಿಡಿಸಿ. ಅದು ಸೊನ್ನೆಯಿಂದಲೇ ಇಳಿಯುತ್ತಾ ಹೋದರೆ ಒಂದೇ ನಿಧಾನದ ಘಟನೆ ವೇಗವನ್ನು ನಿರ್ಧರಿಸುತ್ತಿದೆ. ಶಿಖರ ಸೊನ್ನೆಯಿಂದ ದೂರದಲ್ಲಿದ್ದರೆ ಅಂಥವು ಒಂದಕ್ಕಿಂತ ಹೆಚ್ಚಿವೆ. ಮೂಲ ಕಡತ ಸಿಗದಿದ್ದರೆ ಬಲ ಮತ್ತು ವೇಗದ ಸಂಬಂಧವನ್ನಷ್ಟೇ ವರದಿ ಮಾಡಿ, ಯಂತ್ರ ಹೇಗೆ ನಡೆಯುತ್ತದೆ ಎಂಬ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ.