ಪಟ್ಟಿಯಲ್ಲಿ ಇಲ್ಲದ ಪಾಪ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐವತ್ತು ದಾಟಿದವರು, ಕಥೋಲಿಕರು. ಬೆಂಗಳೂರಿನ ಹಳೇ ಬಡಾವಣೆಯಲ್ಲಿ ಅಪ್ಪ ಕಟ್ಟಿದ ಮನೆಯಲ್ಲಿ ವಾಸ. ಹೆಂಡತಿಯ ಬಲವಂತಕ್ಕೆ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ರಾತ್ರಿ ನಿದ್ದೆ ಇಲ್ಲ, ಎದ್ದು ಜಪಸರ ಹಿಡಿದು ಕೂರುತ್ತಾರೆ. ಸತ್ತ ಮೇಲೆ ದೇವರ ತೀರ್ಪು ಏನಾಗುತ್ತೋ ಎಂಬ ಭಯ. ವಾರವಾರ ಪಾಪನಿವೇದನೆ ಮಾಡುತ್ತಾರೆ, ಅಂದರೆ ಫಾದರ್ ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಬೇಡುತ್ತಾರೆ. ಚರ್ಚಿನ ಗೇಟು ದಾಟುವಷ್ಟರಲ್ಲಿ ಮತ್ತೆ ಅನುಮಾನ.

ಈ ಸಂಕಟ ಹಳೆಯದು. ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಂಡು ನರಳಿದ್ದರು. ಕೆಲವರಲ್ಲಿ ಇದು ಗೀಳು ಕಾಯಿಲೆಯೇ ಆಗಿರುತ್ತದೆ. ಆಗ ಮನೋವೈದ್ಯರು ಬೇಕು, ಇನ್ನಷ್ಟು ಜಪ ಬೇಡ. ಮೊದಲು ಅದನ್ನೇ ವಿಚಾರಿಸಿದೆ. ಇವರದ್ದು ಹಾಗೆ ಕಾಣಲಿಲ್ಲ.

ಪಾಪಗಳನ್ನು ಬರೆದು ತನ್ನಿ ಎಂದೆ. ಎರಡು ಪುಟ ತಂದರು. ಬಸ್ಸಿನಲ್ಲಿ ಕಂಡಕ್ಟರ್‌ಗೆ ಬೈದದ್ದು, ಚರ್ಚಿನ ಬಲಿಪೂಜೆಗೆ ತಡವಾಗಿ ಹೋದದ್ದು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಮಾಂಸ ಬಿಡಬೇಕಾದ ಶುಕ್ರವಾರ ಮಾಂಸ ತಿಂದದ್ದು.

"ಮನೆಯವರ ವಿಷಯ ಒಂದೂ ಇಲ್ವಲ್ಲ?" ಎಂದು ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. "ನಮ್ಮಕ್ಕ ಇದ್ದಾಳೆ ಮೇಡಂ."

ಅಮ್ಮ ಮೊದಲೇ ಹೋಗಿದ್ದರು. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಖಾತೆ ಬದಲಾವಣೆಗೆ ಬೇಕು ಅಂತ ಹೇಳಿ, ವಿಧವೆ ಅಕ್ಕನಿಂದ ರಿಲೀಸ್ ಡೀಡ್‌ಗೆ, ಅಂದರೆ ತನ್ನ ಪಾಲು ಬಿಟ್ಟುಕೊಡುವ ಪತ್ರಕ್ಕೆ, ಸಹಿ ಹಾಕಿಸಿಕೊಂಡಿದ್ದಾರೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ, ಮಗಳಿಗೆ ಸಮಪಾಲು. ಅದು ಇವರಿಗೆ ಆಗಲೇ ಗೊತ್ತಿತ್ತು. "ಎಲ್ಲರ ಮನೇಲೂ ಹೀಗೇ ಅಲ್ವಾ ಮೇಡಂ?"

ಭಯ ಸುಳ್ಳಾಗಿರಲಿಲ್ಲ. ಆದರೆ ನರಕಕ್ಕೆ ಎಷ್ಟು ಬೇಕಾದರೂ ಹೆದರಬಹುದು, ಕೈಯಿಂದ ಕಾಸು ಬಿಚ್ಚಬೇಕಿಲ್ಲ. ಅಕ್ಕನ ಪಾಲಿಗೆ ಬಿಚ್ಚಬೇಕು. ಎರಡು ಪುಟದ ಪಟ್ಟಿ ಈ ಒಂದನ್ನು ಮುಚ್ಚಿಡುವ ಕೆಲಸ ಮಾಡುತ್ತಿತ್ತು ಅಂತ ನನಗನಿಸಿತು. ಹಾಗೆಯೇ ಹೇಳಿದೆ.

ಪಾಪ ಕ್ಷಮಿಸುವುದು ನನ್ನ ಕೆಲಸವಲ್ಲ. ಚರ್ಚಿಂದ ಚರ್ಚಿಗೆ ಅಲೆಯದೆ ಒಬ್ಬರೇ ಫಾದರ್ ಹತ್ತಿರ ಹೋಗಿ, ಇದನ್ನು ಬಿಡಿಸಿ ಹೇಳಿ ಎಂದೆ. ಪಾಪವಿಮೋಚನೆ ಸಿಕ್ಕರೂ ಕದ್ದದ್ದನ್ನು ವಾಪಸ್ ಕೊಡುವ ಹೊಣೆ ಉಳಿಯುತ್ತದೆ ಎಂಬುದು ಅವರ ಧರ್ಮಸಭೆಯದೇ ಬೋಧನೆ. ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿ ಸುಂಕದ ಜಕ್ಕಾಯ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎನ್ನುತ್ತಾನೆ. ಇನ್ನು ಅಂತಿಮ ತೀರ್ಪಿನ ಮಾತು. ಮತ್ತಾಯ 25ನೇ ಅಧ್ಯಾಯವನ್ನು ಅವರಿಂದಲೇ ಓದಿಸಿದೆ. ಅಲ್ಲಿ ಕೇಳುವುದು ಹಸಿದವರಿಗೆ ಊಟ ಕೊಟ್ಟೆಯಾ, ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಟ್ಟೆಯಾ ಅಂತ. ಅವರ ಅಕ್ಕ ಬಾಡಿಗೆ ಮನೆಯಲ್ಲಿದ್ದಾರೆ.

ರಾತ್ರಿಯ ಆತ್ಮಶೋಧನೆಗೆ ಕಾಲು ಗಂಟೆ ಸಾಕು ಎಂದೆ, ಅದೂ ಮಲಗುವ ಕೋಣೆಯಲ್ಲಿ ಬೇಡ. ಇಗ್ನೇಷಿಯಸ್ ಹೇಳಿಕೊಟ್ಟಂತೆ ಮೊದಲು ಕೃತಜ್ಞತೆ, ಆಮೇಲೆ ಆ ದಿನದ ತಪ್ಪು, ಕೊನೆಗೆ ನಾಳೆ ಏನು ಮಾಡುತ್ತೇನೆ ಅನ್ನುವುದು. ಅಕ್ಕನ ಮುಂದೆ ಹೋಗಿ ಅಳಬೇಡಿ ಅಂತಲೂ ಹೇಳಿದೆ. ಸಮಾಧಾನ ಮಾಡುವ ಕೆಲಸವನ್ನೂ ಅವರ ತಲೆಗೆ ಕಟ್ಟಬಾರದಲ್ವಾ? ವಕೀಲರ ಹತ್ತಿರ ಕೂತು, ಇವತ್ತಿನ ದರದಲ್ಲಿ ಪಾಲು ಎಷ್ಟಾಗುತ್ತೆ ಅಂತ ಬರೆಸಿಕೊಂಡು ಹೋಗಿ ಎಂದೆ.

ಹೆಂಡತಿಗೆ ಇದು ಹಿಡಿಸಲಿಲ್ಲ. ಮಗನ ಮದುವೆ ಖರ್ಚಿತ್ತು. ಅವರನ್ನೂ ಕೂರಿಸಿ ಮಾತಾಡಿದ ಮೇಲೆ ಕಂತಿನಲ್ಲಿ ಕೊಡುವುದು ಅಂತಾಯಿತು. ಅಕ್ಕ ಮೊದಲ ಕಂತು ತೆಗೆದುಕೊಂಡಿದ್ದಾರೆ. ಕ್ರಿಸ್ಮಸ್‌ಗೆ ಮಾತ್ರ ನಿಮ್ಮ ಮನೆಗೆ ಬರಲ್ಲ ಅಂದರಂತೆ. "ದುಡ್ಡು ಕೊಟ್ಟರೂ ಹೀಗೆ ಮಾಡ್ತಾಳಲ್ಲ" ಎಂದು ಇವರು ಬೇಜಾರು ಮಾಡಿಕೊಂಡರು. ಬರುವುದು ಬಿಡುವುದು ಅವರಿಷ್ಟ, ಕಂತು ಮಾತ್ರ ತಪ್ಪಿಸಬೇಡಿ ಎಂದೆ.